ಸ್ಕೂಟರ್ ಸ್ಟ್ಯಾಂಡಿನ ಸದ್ದು: ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವ ಹೆಣ್ಣುಮಗಳನ್ನು ವನಜಾ ಎಂದು, ಅವರ ಗಂಡನನ್ನು ಪ್ರಕಾಶ್ ಎಂದು ಕರೆಯುತ್ತೇನೆ. ಎರಡೂ ಅವರ ನಿಜವಾದ ಹೆಸರಲ್ಲ. ಊರು, ಕೆಲಸ, ನೆಂಟರಿಷ್ಟರ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬರೆದದ್ದನ್ನು ವನಜಾ ಅವರೇ ಓದಿದ್ದಾರೆ. ಎರಡು ಕಡೆ "ಇದು ಬೇಡ ಮೇಡಂ" ಅಂದರು, ತೆಗೆದೆ. ಒಂದು ಕಡೆ "ಇದನ್ನ ಇನ್ನೂ ಬಿಡಿಸಿ ಬರೀರಿ" ಅಂದರು. ಅದು ನಾನು ತಪ್ಪು ಮಾಡಿದ ಭಾಗ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ, ಮಾತಿನ ಚಿಕಿತ್ಸೆ ನನ್ನದು. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ, ಥೆರಪಿಗೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಇದು ಉಪಯೋಗವಾಗಬಹುದು ಎಂದು ಬರೆಯುತ್ತಿದ್ದೇನೆ.

ಫೈಲ್ ಹಿಡಿದು ಬಂದವರು

ವನಜಾಗೆ ಆಗ 36 ವರ್ಷ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಗಂಡ, ಒಂಬತ್ತು ವರ್ಷದ ಮಗಳು, ಅತ್ತೆ ಇರುವ ಮನೆ. ಮೊದಲ ದಿನ ಅವರ ಕೈಯಲ್ಲಿ ಒಂದು ದಪ್ಪ ಫೈಲ್ ಇತ್ತು. ಥೈರಾಯ್ಡ್, ಶುಗರ್, ಎಂಡೋಸ್ಕೋಪಿ, ಕುತ್ತಿಗೆಯ ಎಕ್ಸ್‌ರೇ. ಎಲ್ಲವೂ ನಾರ್ಮಲ್. ಆದರೂ ಎದೆ ಉರಿ ಹೋಗಿಲ್ಲ, ಕುತ್ತಿಗೆ ನೋವು ಬಿಟ್ಟಿಲ್ಲ, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ನೋಡುತ್ತಿದ್ದ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು.

"ನನಗೆ ಹುಚ್ಚು ಅಂತ ಕಳಿಸಿದ್ರಾ ಮೇಡಂ?" ಎಂದೇ ಮಾತು ಶುರುಮಾಡಿದರು.

ಒಂದು ಗಂಟೆ ಹೊಟ್ಟೆ, ಕುತ್ತಿಗೆ, ಆಫೀಸಿನ ಆಡಿಟ್ ಬಗ್ಗೆಯೇ ಹೇಳಿದರು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಹೋದ ಮೇಲೆ ತಿರುಗಿ ನೋಡಿ ಒಂದು ಮಾತು ಅಂದರು. "ನಮ್ಮ ಯಜಮಾನ್ರು ಒಳ್ಳೆಯವರು ಮೇಡಂ. ಆದ್ರೆ ಅವರು ಮನೆಗೆ ಬರೋ ಹೊತ್ತಿಗೆ ನನ್ನ ಕೈಕಾಲು ತಣ್ಣಗಾಗಿಬಿಡುತ್ತೆ."

ಒಂದು ಗಂಟೆ ಕೂತು ಹೇಳಲಾಗದ್ದು ಬಾಗಿಲ ಹತ್ತಿರ ಬಾಯಿಗೆ ಬರುವುದನ್ನು ನಮ್ಮ ಕೆಲಸದಲ್ಲಿ ಆಗಾಗ ನೋಡುತ್ತೇವೆ. ಅದನ್ನು ಮುಂದಿನ ವಾರಕ್ಕೆ ಬರೆದಿಟ್ಟುಕೊಂಡೆ.

ಇಂಥ ಮಾತು ಕೇಳಿದ ಮೇಲೆ ಮೊದಲು ತಿಳಿಯಬೇಕಾದದ್ದು ಗಂಡ ಈಗ ಹೊಡೆಯುತ್ತಾನಾ ಎಂಬುದು. ಎರಡನೇ ಭೇಟಿಯಲ್ಲಿ ವನಜಾ ಒಬ್ಬರನ್ನೇ ಕೂರಿಸಿಕೊಂಡು ನೇರವಾಗಿ ಕೇಳಿದೆ. ಕೈ ಮಾಡ್ತಾರಾ? ಸಂಬಳ ಕಿತ್ತುಕೊಳ್ತಾರಾ? ಬೆದರಿಸ್ತಾರಾ? ಬೇಡ ಅಂದಾಗ ಬಲವಂತ ಮಾಡ್ತಾರಾ? ಎಲ್ಲಕ್ಕೂ ಇಲ್ಲ. ಇನ್ನೊಂದು ದಿನ ಬೇರೆ ಮಾತಿನಲ್ಲಿ ಮತ್ತೆ ಕೇಳಿದೆ. ಆಗಲೂ ಇಲ್ಲ. ಮನೆಯಲ್ಲಿ ಹೊಡೆತ ನಡೆಯುತ್ತಿದ್ದರೆ ಹೆದರಿಕೆ ಕಾಯಿಲೆಯಲ್ಲ, ಅದು ಸರಿಯಾದ ಎಚ್ಚರ. ಅಂಥ ಕಡೆ ಮೊದಲು ಆಗಬೇಕಾದದ್ದು ಆ ಹೆಣ್ಣಿನ ರಕ್ಷಣೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ. ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಹೆದರಿಕೆ ಇಳಿಸಲು ಹೋದರೆ ನಾವೇ ಅವರನ್ನು ಅಪಾಯಕ್ಕೆ ತಳ್ಳಿದಂತೆ. ಸಾಯುವ ಯೋಚನೆ ಬರುತ್ತದೆಯೇ ಎಂದೂ ಕೇಳಿದೆ. "ಎಲ್ಲಾದ್ರೂ ಹೊರಟುಹೋಗೋಣ ಅನ್ಸುತ್ತೆ, ಸಾಯಬೇಕು ಅಂತ ಇಲ್ಲ" ಅಂದರು.

ಹಾಗಾದರೆ ಈ ಹೆದರಿಕೆ ಎಲ್ಲಿಂದ ಬಂತು? ಮೂರನೇ ಭೇಟಿಯಲ್ಲಿ ಗೊತ್ತಾಯಿತು.

ವನಜಾ ಚಿಕ್ಕವರಿದ್ದಾಗ ಅಪ್ಪ ಹಳೇ ಬಜಾಜ್ ಸ್ಕೂಟರ್ ಇಟ್ಟಿದ್ದರು. ಸಂಜೆ ಕುಡಿದು ಬಂದರೆ ಅಮ್ಮನಿಗೆ ಹೊಡೆತ. ಕುಡಿದಿದ್ದಾರೋ ಇಲ್ಲವೋ ಎಂದು ತಿಳಿಯಲು ಹುಡುಗಿ ಒಂದು ದಾರಿ ಕಂಡುಕೊಂಡಿದ್ದಳು. "ಸ್ಕೂಟರ್ ಸ್ಟ್ಯಾಂಡ್ ಒಂದೇ ಸಲಕ್ಕೆ ಬಿದ್ರೆ ಪರವಾಗಿಲ್ಲ. ಎರಡು ಮೂರು ಸಲ ಜಾರಿದ್ರೆ ತಮ್ಮನ್ನ ಎತ್ಕೊಂಡು ಒಳಗೆ ಓಡಬೇಕು. ಚಪ್ಪಲಿ ಬಿಡೋವಷ್ಟು ಹೊತ್ತು ಸಿಗ್ತಿತ್ತು ಅಷ್ಟೇ." ಹೇಳುವಾಗ ಅವರ ತಲೆ ತಾನಾಗಿ ಕಿಟಕಿಯ ಕಡೆ ವಾಲಿತ್ತು. ಹೊರಗೆ ಯಾರದೋ ಬೈಕು ನಿಂತಿತ್ತು.

ಪಿಸಿಎಲ್-5 ಎಂಬ 20 ಪ್ರಶ್ನೆಗಳ ಪಟ್ಟಿ ಕೊಟ್ಟೆ. ಕಳೆದ ಒಂದು ತಿಂಗಳಲ್ಲಿ ಹಳೆಯ ಆಘಾತ ಎಷ್ಟು ಕಾಡಿದೆ ಎಂದು ಅಳೆಯುವ ಪಟ್ಟಿ ಅದು. 0ಯಿಂದ 80ರವರೆಗೆ ಅಂಕ. 31–33 ದಾಟಿದರೆ ಇನ್ನಷ್ಟು ಆಳವಾಗಿ ನೋಡಬೇಕು ಎನ್ನುತ್ತೇವೆ. ವನಜಾಗೆ 47 ಬಂತು. ಆಘಾತ ಮುಗಿದು ಎಷ್ಟೋ ಕಾಲವಾದರೂ ಅದರ ಹೆದರಿಕೆ ಬಿಡದೆ ಕಾಡುವ ಕಾಯಿಲೆಗೆ ಪಿಟಿಎಸ್‌ಡಿ ಎನ್ನುತ್ತೇವೆ. ಅದು ಯುದ್ಧಕ್ಕೆ ಹೋದ ಸೈನಿಕರಿಗೆ ಬರುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಆ ಹೆಸರು 1980ರಲ್ಲಿ ಅಮೆರಿಕದ ಮನೋವೈದ್ಯರ ಕಾಯಿಲೆಗಳ ಪಟ್ಟಿಗೆ ಸೇರಿದ್ದರ ಹಿಂದೆ ವಿಯೆಟ್ನಾಂನಿಂದ ಮರಳಿದ ಸೈನಿಕರ ಪಾಡು ಇತ್ತು, ನಿಜ. ಆದರೆ ವರ್ಷಗಟ್ಟಲೆ ಮನೆಯೊಳಗೇ ಹೆದರಿ ಬೆಳೆದವರಿಗೂ ಇದು ಬರುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಇದಕ್ಕೆ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಎಂದು ಬೇರೆ ಹೆಸರನ್ನೇ ಕೊಟ್ಟಿದೆ. ಹಳೆಯ ಹೆದರಿಕೆಯ ಜೊತೆಗೆ ಮನಸ್ಸು ಹಿಡಿತಕ್ಕೆ ಸಿಗದಿರುವುದು, ತನ್ನ ಬಗ್ಗೆಯೇ ಕೀಳು ಭಾವನೆ, ಹತ್ತಿರದವರ ಜೊತೆ ಹತ್ತಿರ ಇರಲಾಗದಿರುವುದು ಅದರ ಲಕ್ಷಣಗಳು. ವನಜಾಗೆ ಮೂರೂ ಇತ್ತು.

"ಯಾವಾಗಿಂದ ಜಾಸ್ತಿ ಆಯ್ತು?" ಎಂದು ಕೇಳಿದ್ದೆ. "ಸುಮಾರು ಎಂಟು ತಿಂಗಳಾಯ್ತು. ಏನೂ ಆಗಿರಲಿಲ್ಲ ಮೇಡಂ, ಸುಮ್ನೆ ಶುರುವಾಯ್ತು." ಈ ಉತ್ತರವನ್ನು ಬರೆದುಕೊಂಡೆ. ಅದಕ್ಕೂ ಮನೆಯಲ್ಲಿದ್ದ ಒಂಬತ್ತು ವರ್ಷದ ಮಗುವಿಗೂ ಇರುವ ನಂಟು ಅವತ್ತು ನನಗೆ ಹೊಳೆಯಲಿಲ್ಲ.

ನಾನು ಅವಸರ ಮಾಡಿದ್ದು

ವನಜಾ ಚೆನ್ನಾಗಿ ಮಾತಾಡುತ್ತಿದ್ದರು. ಕ್ರಮವಾಗಿ, ಒಂದೂ ಬಿಡದೆ, ಲೆಕ್ಕದ ಪುಸ್ತಕ ಓದಿದ ಹಾಗೆ. ಅದನ್ನು ನಾನು ತಯಾರಿ ಅಂದುಕೊಂಡೆ. ನಾಲ್ಕನೇ ಸೆಷನ್‌ನಲ್ಲಿ "ಎಲ್ಲಕ್ಕಿಂತ ಕೆಟ್ಟ ರಾತ್ರಿ ಯಾವುದು? ಅದನ್ನ ಹೇಳ್ತೀರಾ?" ಎಂದು ಕೇಳಿಬಿಟ್ಟೆ.

ಹೇಳಿದರು. ಅಪ್ಪ ಒಲೆ ಒದ್ದದ್ದು, ಅಮ್ಮನ ಜಡೆ ಹಿಡಿದು ಎಳೆದದ್ದು, ತಾನು ನಾಲ್ಕು ವರ್ಷದ ತಮ್ಮನನ್ನು ಎತ್ತಿಕೊಂಡು ಭತ್ತದ ಮೂಟೆಗಳ ಹಿಂದೆ ಅಡಗಿದ್ದು, ಪಕ್ಕದ ಮನೆಯವರು ಬಂದು ಬಿಡಿಸಿದ್ದು. ಆಗ ಅವರಿಗೆ ಒಂಬತ್ತು ವರ್ಷ. ಒಂದು ಹನಿ ಕಣ್ಣೀರಿಲ್ಲ, ದನಿ ನಡುಗಲಿಲ್ಲ. ನಾನು "ತಮ್ಮನ್ನ ಕಾಪಾಡಿದ್ರಿ. ಎಂಥ ಧೈರ್ಯ!" ಅಂದೆ. ಅವರು ನಕ್ಕು ಎದ್ದು ಹೋದರು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಜೊತೆ ಕೂತು, ಹೆಸರು ಹೇಳದೆ, ಇಡೀ ಸೆಷನ್ ಬಿಡಿಸಿ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು. "ಅವರು ಬೇಡ ಅನ್ನೋಕೆ ನೀನು ಜಾಗ ಬಿಟ್ಟಿದ್ಯಾ?" ಬಿಟ್ಟಿರಲಿಲ್ಲ.

ಅವತ್ತೇ ವನಜಾಗೆ ಮೆಸೇಜ್ ಕಳಿಸಿದೆ. "ಕಳೆದ ಸಲ ನಾನು ಅವಸರ ಮಾಡಿದೆ ಅನ್ನಿಸುತ್ತಿದೆ. ಬರುವುದು ಬಿಡುವುದು ನಿಮ್ಮಿಷ್ಟ. ಬಂದರೆ ಆ ರಾತ್ರಿಯ ಬಗ್ಗೆ ನಾನಾಗಿ ಕೇಳುವುದಿಲ್ಲ." ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನಾಲ್ಕು ದಿನ ಉತ್ತರವಿಲ್ಲ. ಐದನೇ ದಿನ "ಗುರುವಾರ ಬರಲಾ?" ಎಂದು ಬಂತು.

ಬಂದವರು ಕುರ್ಚಿಯ ತುದಿಯಲ್ಲಿ ಕೂತರು. ಅವತ್ತಿನ ಸೆಷನ್ ಆದಮೇಲೆ ಮೂರು ರಾತ್ರಿ ನಿದ್ದೆ ಇರಲಿಲ್ಲವಂತೆ. ಮಗಳಿಗೆ ಹೋಂವರ್ಕ್ ವಿಷಯಕ್ಕೆ ಕೆನ್ನೆಗೆ ಹೊಡೆದಿದ್ದರಂತೆ, ಜೀವನದಲ್ಲಿ ಮೊದಲ ಸಲ. ಆಮೇಲೆ ನಿಧಾನಕ್ಕೆ ಹೇಳಿದರು: "ನೀವು ಕೇಳಿದ್ರಿ, ನನಗೆ ಇಲ್ಲ ಅನ್ನೋಕೆ ಆಗಲಿಲ್ಲ. ನಮ್ಮನೇಲೂ ಹಾಗೇ ಇತ್ತು."

"ತಪ್ಪು ನನ್ನದು. ನೀವು ತಯಾರಾಗೋ ಮುಂಚೆ ಕೇಳಿದೆ" ಅಂದೆ. ಸಮಜಾಯಿಷಿ ಕೊಡಲಿಲ್ಲ.

ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. "ನಿಮಗೆ ಕೋಪ ಬರಲಿಲ್ವಾ?" ಎಂದು ಕೇಳಿದರು. ಬರಲಿಲ್ಲ ಅಂದೆ. ದೊಡ್ಡವರ ಸ್ಥಾನದಲ್ಲಿ ಇರುವವರಿಗೆ "ನೀವು ಮಾಡಿದ್ದು ಸರಿಯಲ್ಲ" ಎಂದು ಹೇಳಿಯೂ ಮನೆಯಲ್ಲಿ ಪಾತ್ರೆ ಹಾರದೆ ಇದ್ದದ್ದು ಅವರ ಬದುಕಿನಲ್ಲಿ ಅದೇ ಮೊದಲಿರಬೇಕು. ಈ ಪ್ರಕರಣ ತಿರುವು ತೆಗೆದುಕೊಂಡದ್ದು ಇಲ್ಲೇ ಎಂದು ನನ್ನ ನಂಬಿಕೆ. ಅವತ್ತು ಬಳಸಿದ್ದು ಯಾವ ವಿಧಾನವೂ ಅಲ್ಲ, ಹದಿನೈದು ನಿಮಿಷದ ಆ ಮಾತುಕತೆ ಮಾತ್ರ.

ಅವತ್ತು ಒಂದು ನಿಯಮ ಮಾಡಿಕೊಂಡೆವು. ಮೇಜಿನ ಮೇಲೆ ನೀರಿನ ಜಗ್ಗು, ಒಂದು ಸ್ಟೀಲ್ ಲೋಟ ಯಾವಾಗಲೂ ಇರುತ್ತದೆ. ಸಾಕು ಅನ್ನಿಸಿದರೆ ವನಜಾ ಆ ಲೋಟವನ್ನು ಕವುಚಿ ಹಾಕಬೇಕು. ಬಾಯಿಬಿಟ್ಟು ಹೇಳಬೇಕಿಲ್ಲ, ಕಾರಣ ಕೊಡಬೇಕಿಲ್ಲ. ನಾನು ಅಲ್ಲಿಗೇ ನಿಲ್ಲಿಸಬೇಕು. ಏಳನೇ ಸೆಷನ್‌ನಲ್ಲಿ ಸಂಘದ ಆಡಿಟ್ ಬಗ್ಗೆ ಏನೋ ಮಾತಾಡುತ್ತಿದ್ದಾಗ ಸಟ್ಟನೆ ಲೋಟ ಕವುಚಿಟ್ಟರು. ನಾನು ಅರ್ಧ ವಾಕ್ಯಕ್ಕೇ ನಿಲ್ಲಿಸಿದೆ. ಸುಮ್ಮನೆ ಪರೀಕ್ಷೆ ಮಾಡಿದ್ದರು. ಅವತ್ತು ಕುರ್ಚಿಗೆ ಬೆನ್ನು ಕೊಟ್ಟು ಕೂತರು.

ಮೊದಲು ನೆಲ ಗಟ್ಟಿಯಾಗಬೇಕು

ಆಘಾತದ ಚಿಕಿತ್ಸೆಗೆ ಮೂರು ಹಂತ ಎಂದು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲೇ ಹೇಳಿದ್ದಾರೆ. ಮೊದಲು ಸುರಕ್ಷಿತ ಅನ್ನಿಸುವುದು, ಆಮೇಲೆ ಹಳೆಯದನ್ನು ನೆನೆದು ದುಃಖಿಸುವುದು, ಆಮೇಲೆ ಜನರ ನಡುವೆ ಮತ್ತೆ ಬದುಕು ಕಟ್ಟಿಕೊಳ್ಳುವುದು. ಮೊದಲ ಹಂತ ಎಲ್ಲರಿಗೂ ಇಷ್ಟು ದೀರ್ಘವಾಗಿ ಬೇಕೇ ಎಂಬ ಚರ್ಚೆ ನಮ್ಮ ಕ್ಷೇತ್ರದಲ್ಲಿ ಈಗಲೂ ಇದೆ. ವನಜಾಗೆ ಬೇಕಿತ್ತು. ಅದನ್ನು ಹಾರಲು ಹೋಗಿಯೇ ನಾನು ಎಡವಿದ್ದು.

ಐದರಿಂದ ಹನ್ನೊಂದನೇ ಸೆಷನ್‌ವರೆಗೆ ಹಳೆಯ ಕಥೆ ಮುಟ್ಟಲೇ ಇಲ್ಲ. ನಿದ್ದೆ, ಉಸಿರು, ಮೈ. ಕಣ್ಣಿಗೆ ಕಾಣುವ ಐದು, ಮುಟ್ಟಬಹುದಾದ ನಾಲ್ಕು, ಕೇಳಿಸುವ ಮೂರು ಎಂದು ಎಣಿಸಿ ಮನಸ್ಸನ್ನು ಈ ಹೊತ್ತಿಗೆ ತರುವ ಅಭ್ಯಾಸವೊಂದಿದೆ, ನಾವೆಲ್ಲ ಹೇಳಿಕೊಡುತ್ತೇವೆ. ಇವರಿಗೆ ಅದು ತಿರುಗುಬಾಣವಾಯಿತು. "ಕೇಳಿಸಿಕೊಳ್ಳಿ ಅಂದ್ರೆ ನಾನು ಗೇಟಿನ ಕಡೆಗೇ ಕಿವಿ ಕೊಡ್ತೀನಿ ಮೇಡಂ." ಸರಿ, ಕಿವಿ ಬಿಟ್ಟು ಮೂಗು ಹಿಡಿದೆವು. ಪರ್ಸಿನಲ್ಲಿ ಏಲಕ್ಕಿ ಇಟ್ಟುಕೊಂಡರು. ಎದೆ ಹೊಡೆದುಕೊಂಡಾಗ ಒಂದನ್ನು ಬಿಡಿಸಿ ಮೂಸುವುದು, ಬರಿಗಾಲನ್ನು ನೆಲಕ್ಕೆ ಒತ್ತುವುದು, ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ ಬಿಡುವುದು.

ಮನೋವೈದ್ಯರ ಹತ್ತಿರವೂ ಕಳಿಸಿದೆ. "ಮಾತ್ರೆ ತಗೊಂಡ್ರೆ ಚಟ ಆಗಿಬಿಡುತ್ತೆ" ಎಂದು ಮೊದಲು ಒಪ್ಪಲಿಲ್ಲ. ಕುಡಿತ ನೋಡಿ ಬೆಳೆದವರ ಈ ಹೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸರ್ಟ್ರಲಿನ್ ತರಹದ ಮಾತ್ರೆ ಹೆಂಡದ ಹಾಗೆ ಚಟ ಹಿಡಿಸುವುದಿಲ್ಲ, ಆದರೆ ತಾನಾಗಿ ಒಮ್ಮೆಲೇ ನಿಲ್ಲಿಸಬಾರದು ಎಂದು ಆ ಡಾಕ್ಟರು ಬಿಡಿಸಿ ಹೇಳಿದರು. ಒಂದು ತಿಂಗಳಲ್ಲಿ ರಾತ್ರಿ ಐದು ಗಂಟೆ ನಿದ್ದೆ ಬರತೊಡಗಿತು.

ಈ ನಡುವೆ ಅತ್ತೆ ನನಗೆ ಫೋನ್ ಮಾಡಿದರು. "ನಮ್ಮ ಸೊಸೆ ವಾರವಾರ ಬಂದು ನಿಮ್ಮ ಹತ್ರ ಏನಮ್ಮಾ ಹೇಳ್ತಾಳೆ? ನಮ್ಮ ಮನೆ ಮರ್ಯಾದೆ ವಿಷಯ." ಅವರ ಆತಂಕ ನನಗೆ ಅರ್ಥವಾಯಿತು. ಆದರೆ ವನಜಾ ನನ್ನ ಹತ್ತಿರ ಬರುತ್ತಾರೋ ಇಲ್ಲವೋ ಎಂಬುದನ್ನೂ ನಾನು ಹೇಳುವ ಹಾಗಿಲ್ಲ ಎಂದೆ. ಚಿಕಿತ್ಸೆಯ ವಿಷಯ ಗುಟ್ಟಾಗಿ ಉಳಿಯುವುದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಕೊಟ್ಟಿರುವ ಹಕ್ಕು. ಜೀವಕ್ಕೆ ಅಪಾಯವಿದ್ದಾಗಿನಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಅದನ್ನು ಮುರಿಯುವಂತಿಲ್ಲ. ಫೋನ್ ಬಂದದ್ದನ್ನು ಮುಂದಿನ ಸೆಷನ್‌ನಲ್ಲಿ ವನಜಾಗೆ ಹೇಳಿದೆ. ಅವರು ಎರಡೆರಡು ಸಲ ಕೇಳಿದರು. "ನಿಜವಾಗ್ಲೂ ಏನೂ ಹೇಳಲಿಲ್ವಾ?"

ಟೀ ಅಂಗಡಿಯಲ್ಲಿ ಅರ್ಧ ಗಂಟೆ

ಎಂಟನೇ ಸೆಷನ್‌ಗೆ ಪ್ರಕಾಶ್ ಬಂದರು. ಅವರನ್ನು ಕರೆಸುವುದೋ ಬೇಡವೋ ಎಂದು ಯೋಚಿಸಿದ್ದೆ. ಒಬ್ಬರ ಥೆರಪಿಸ್ಟ್ ಇಬ್ಬರ ನಡುವೆ ಕೂತರೆ ಯಾರ ಕಡೆ ಎಂಬ ಅನುಮಾನ ಬರುವುದು ಸಹಜ. ಅದಕ್ಕೇ ಮೂರೇ ಜಂಟಿ ಸೆಷನ್, ವನಜಾ ಒಬ್ಬರೇ ಹೇಳಿದ್ದು ಯಾವುದೂ ನನ್ನ ಬಾಯಿಂದ ಬರುವುದಿಲ್ಲ, ಪ್ರಕಾಶ್ ಅವರಿಗೆ ತಮ್ಮದೇ ಆಗಿ ಮಾತಾಡಬೇಕೆನಿಸಿದರೆ ಬೇರೆ ಸಹೋದ್ಯೋಗಿಯ ಹತ್ತಿರ ಎಂದು ಮೊದಲೇ ಹೇಳಿದೆ.

"ದಿನಾ ಸಂಜೆ ಮನೆಗೆ ಬಂದಾಗ ಏನಾಗುತ್ತೆ, ಇಬ್ಬರೂ ಹೇಳಿ" ಅಂದೆ.

ಪ್ರಕಾಶ್ ಬಹಳ ಹೊತ್ತು ಹೆಲ್ಮೆಟ್ಟಿನ ಪಟ್ಟಿ ತಿರುಗಿಸುತ್ತಾ ಕೂತರು. "ನಾನು ಒಳಗೆ ಬಂದ ತಕ್ಷಣ ಇವಳ ಮುಖ ಬಾಡುತ್ತೆ ಮೇಡಂ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸ್ತಾಳೆ. ಮಾತಾಡ್ಸಿದ್ರೆ ಹ್ಞೂಂ ಉಹ್ಞೂಂ. ನನ್ನ ಕಂಡ್ರೆ ಆಗಲ್ಲ ಅಂತ ಅಂದ್ಕೊಂಡೆ. ಅದಕ್ಕೆ ಡ್ಯೂಟಿ ಮುಗಿದ ಮೇಲೆ ಬೀದಿ ಕೊನೇಲಿರೋ ಟೀ ಅಂಗಡೀಲಿ ಅರ್ಧ ಮುಕ್ಕಾಲು ಗಂಟೆ ಕೂತಿದ್ದು ಬರ್ತೀನಿ. ವರ್ಷಗಳಾಯ್ತು."

ವನಜಾ ತಿರುಗಿ ಗಂಡನನ್ನು ನೋಡಿದರು. "ರೀ, ನೀವು ಅಲ್ಲೇ ಇರ್ತಿದ್ರಾ?"

ಅಪ್ಪ ತಡವಾಗಿ ಬಂದರೆ ಕುಡಿದು ಬಂದರು ಎಂದೇ ಅರ್ಥ. ಅದಕ್ಕೇ ಗಂಡ ತಡ ಮಾಡಿದಷ್ಟೂ ಇವರ ಮೈ ಗಟ್ಟಿಯಾಗುತ್ತಿತ್ತು. ಮೈ ಗಟ್ಟಿಯಾದದ್ದು ಕಂಡು ಅವರು ಇನ್ನೂ ತಡ ಮಾಡುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದೇ ನಡೆದುಕೊಂಡಿದ್ದರು. ಹನ್ನೊಂದು ವರ್ಷದ ಸಂಸಾರದಲ್ಲಿ ಅಪ್ಪನ ಕುಡಿತದ ವಿಷಯ ಪ್ರಕಾಶ್ ಅವರಿಗೆ ಗೊತ್ತಿತ್ತು, ಸ್ಟ್ಯಾಂಡಿನ ಸದ್ದಿನ ವಿಷಯ ಗೊತ್ತಿರಲಿಲ್ಲ. ಅದನ್ನು ಅವತ್ತು ವನಜಾ ತಾವೇ ಹೇಳಿದರು.

ಮಾಡಿದ್ದು ಸಣ್ಣ ಕೆಲಸಗಳು. ಪ್ರಕಾಶ್ ಹೊರಡುವಾಗ "ಹೊರಟೆ" ಎಂದು ಮೆಸೇಜ್ ಹಾಕುವುದು, ನೇರ ಮನೆಗೆ ಬರುವುದು. ಬೈಕಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಗಲು ಹೊತ್ತು ವನಜಾ ಕೇಳುವುದು. ಆಮೇಲೆ ಭಾನುವಾರ ಬೆಳಗ್ಗೆ ಅಂಗಳದಲ್ಲಿ ಪ್ರಕಾಶ್ ಬೈಕಿನ ಸ್ಟ್ಯಾಂಡ್ ಹಾಕಿ ತೆಗೆದು ಮಾಡುವುದು, ವನಜಾ ಜಗಲಿಯಲ್ಲಿ ಕೂತು ನೋಡುವುದು. ಕಣ್ಣಿಗೆ ಕಾಣುವ ಗಂಡನ ಜೊತೆ ಆ ಸದ್ದು ಸೇರಬೇಕಿತ್ತು. ಮಗಳು ಎಣಿಸುತ್ತಿದ್ದಳಂತೆ. ಎರಡು ತಿಂಗಳಾದ ಮೇಲೆ "ಹೊರಟೆ" ಮೆಸೇಜನ್ನೂ ನಿಲ್ಲಿಸಿದೆವು. ಅದೇ ಊರುಗೋಲಾಗಿ ಉಳಿದರೆ ಒಂದು ದಿನ ಚಾರ್ಜ್ ಮುಗಿದರೂ ಕಷ್ಟ, ಅಲ್ವಾ?

ಪ್ರಕಾಶ್ ಅವರಿಗೂ ನೋವಿತ್ತು. ಇಷ್ಟು ವರ್ಷ ತನ್ನ ಮನೆಯಲ್ಲೇ ಬೇಡದವನ ಹಾಗೆ ಬದುಕಿದ್ದರು. ಸಹೋದ್ಯೋಗಿಯ ಹತ್ತಿರ ಎರಡು ಸಲ ಹೋಗಿ ಬಿಟ್ಟುಬಿಟ್ಟರು. ಅವರ ಪಾಲಿನ ಕೆಲಸ ಅರ್ಧಕ್ಕೇ ನಿಂತಿದೆ.

ಕವುಚಿದ ಲೋಟ

ಹನ್ನೆರಡನೇ ಸೆಷನ್‌ನಲ್ಲಿ ವನಜಾ ತಾವೇ ಅಂದರು. "ಈಗ ಆ ರಾತ್ರಿ ಬಗ್ಗೆ ಮಾತಾಡಬಹುದು."

ಇದಕ್ಕೆ ಎಡ್ನಾ ಫೋವಾ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ ವಿಧಾನವನ್ನು ಇವರಿಗೆ ತಕ್ಕಂತೆ ಬಳಸಿದೆ. ಕಣ್ಣು ಮುಚ್ಚಿ, ಆ ಘಟನೆ ಈಗ ನಡೆಯುತ್ತಿರುವ ಹಾಗೆ ಹೇಳಬೇಕು. ಒಂದು ಸೆಷನ್ ಸುಮಾರು 90 ನಿಮಿಷ. ಹೇಳಿದ್ದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ದಿನಾ ಕೇಳಬೇಕು. ಆದರೆ ಇವರ ಮನೆಯಲ್ಲಿ ಒಬ್ಬರೇ ಕೂರಲು ಜಾಗ ಎಲ್ಲಿದೆ? ಅತ್ತೆ ಇದ್ದಾರೆ, ಮಗಳು ಇದ್ದಾಳೆ. ಬಚ್ಚಲುಮನೆಯಲ್ಲಿ ಕೇಳಲೇ ಎಂದರು. ಬೇಡವೆಂದೆ. ವಾರಕ್ಕೆ ಎರಡು ದಿನ ಆಫೀಸು ಬಿಟ್ಟ ಮೇಲೆ ನನ್ನ ಕ್ಲಿನಿಕ್ಕಿನ ಪಕ್ಕದ ಖಾಲಿ ಕೋಣೆಗೆ ಬಂದು ಕೇಳಿ ಹೋಗುವುದು ಎಂದು ಮಾಡಿಕೊಂಡೆವು. ಪುಸ್ತಕದಲ್ಲಿ ಹೇಳಿದಷ್ಟು ಸಲ ಆಗಲಿಲ್ಲ. ಆದಷ್ಟೇ ಸಾಕಾಯಿತು.

ಹದಿಮೂರನೇ ಸೆಷನ್ ಹೊತ್ತಿಗೆ ಪಿಸಿಎಲ್-5 ಅಂಕ 41ರಿಂದ 49ಕ್ಕೆ ಏರಿತು. ಶುರುವಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿ. ಹೀಗಾಗಬಹುದು ಎಂದು ಮೊದಲೇ ಹೇಳಿದ್ದೆ, ಆದರೂ ನನಗೆ ದಿಗಿಲಾಯಿತು. ನಿಲ್ಲಿಸೋಣವೇ ಎಂದು ಕೇಳಿದೆ. ಅವರು ಲೋಟದ ಕಡೆ ನೋಡಿದರು, ಮುಟ್ಟಲಿಲ್ಲ.

ಹದಿನಾಲ್ಕನೆಯದು. ಭತ್ತದ ಮೂಟೆಗಳ ಹಿಂದಿನ ಕತ್ತಲೆಗೆ ಬಂದಿದ್ದರು. "ತಮ್ಮ ಅಳ್ತಿದಾನೆ..." ಎಂದವರು ಕಣ್ಣು ತೆರೆದು ಲೋಟ ಕವುಚಿ ಹಾಕಿದರು. ನಾನು ರೆಕಾರ್ಡಿಂಗ್ ನಿಲ್ಲಿಸಿದೆ. ಹತ್ತು ನಿಮಿಷ ಇಬ್ಬರೂ ಸುಮ್ಮನೆ ಕೂತಿದ್ದೆವು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಅವರೇ ಲೋಟ ಎತ್ತಿ ನೆಟ್ಟಗೆ ಇಟ್ಟರು.

"ಅವನು ಅಳ್ತಿದ್ದ. ಅಪ್ಪನಿಗೆ ಕೇಳುತ್ತೆ ಅಂತ ಬಾಯಿ ಮುಚ್ಚಿದೆ. ಮೂಗೂ ಮುಚ್ಚಿಹೋಗಿತ್ತು. ಕಾಲು ಬಡೀತಿದ್ದ. ನಾನು ಬಿಡಲಿಲ್ಲ. ಆಮೇಲೆ ಸುಮ್ಮನಾದ. ಸತ್ತೋದ ಅಂದ್ಕೊಂಡೆ ಮೇಡಂ. ನಾನೇ ಕೊಂದೆ ಅಂದ್ಕೊಂಡೆ."

27 ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದು ಇದು. ಅಪ್ಪನ ಹೆದರಿಕೆ ಮೇಲಿನ ಪದರ ಮಾತ್ರ, ಒಳಗೆ ಇದ್ದದ್ದು ತನ್ನ ಕೈಯ ಬಗ್ಗೆ ಇದ್ದ ಹೆದರಿಕೆ. ನೆಂಟರೆಲ್ಲ "ತಮ್ಮನ್ನ ಕಾಪಾಡಿದ ಅಕ್ಕ" ಎಂದು ಹೊಗಳಿದಾಗೆಲ್ಲ ಆ ಗಾಯದ ಮೇಲೇ ಕೈ ಬೀಳುತ್ತಿತ್ತು. ನಾಲ್ಕನೇ ಸೆಷನ್‌ನಲ್ಲಿ ನಾನೂ ಅದನ್ನೇ ಹೇಳಿದ್ದೆನಲ್ಲ! ಮಗಳು ಒಂಬತ್ತಕ್ಕೆ ಕಾಲಿಟ್ಟ ಹೊತ್ತಿಗೇ ಕಾಯಿಲೆ ಯಾಕೆ ಜೋರಾಯಿತು ಎಂಬುದೂ ಆಗ ಹೊಳೆಯಿತು. ಮಗು ತಾಯಿಯ ಆ ವಯಸ್ಸಿಗೆ ಬಂದು ನಿಂತಿದ್ದಳು.

"ನಿಮ್ಮ ತಪ್ಪಲ್ಲ" ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಹೇಳಿದ್ದರೆ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಅದರ ಬದಲು ಒಂದು ಕೆಲಸ ಕೊಟ್ಟೆ. "ಈ ವಾರ ಒಂದು ದಿನ ನಿಮ್ಮ ಮಗಳ ಅಂಗೈಯನ್ನ ನಿಮ್ಮ ಅಂಗೈ ಮೇಲೆ ಇಟ್ಟು ನೋಡಿ."

ಮುಂದಿನ ವಾರ ಒಳಗೆ ಬಂದವರು ಕೂರುವ ಮುಂಚೆಯೇ ಕೈ ಚಾಚಿ, ಮಧ್ಯದ ಬೆರಳಿನ ಎರಡನೇ ಗೆಣ್ಣು ತೋರಿಸಿದರು. "ಇಲ್ಲಿಗೆ ಬರುತ್ತೆ ಮೇಡಂ ಅವಳ ಕೈ. ಉಗುರಿಗೆಲ್ಲ ಸ್ಕೆಚ್ ಪೆನ್ ಬಣ್ಣ. ಇಷ್ಟು ಚಿಕ್ಕದು." ಆಮೇಲೆ ಅತ್ತರು. ಅಷ್ಟು ತಿಂಗಳಲ್ಲಿ ಅದೇ ಮೊದಲು.

ಕೆಲವು ವಾರದ ಮೇಲೆ ತಾವೇ ಧೈರ್ಯ ಮಾಡಿ ತಮ್ಮನಿಗೆ ಫೋನ್ ಮಾಡಿ ಹೇಳಿದರು. ಆತನಿಗೆ ಆ ರಾತ್ರಿ ಪಕ್ಕದ ಮನೆ ಅಜ್ಜಿ ಬೆಲ್ಲ ಹಾಕಿದ ಅವಲಕ್ಕಿ ಕೊಟ್ಟದ್ದು ಬಿಟ್ಟರೆ ಏನೂ ನೆನಪಿಲ್ಲ. ಇದು ಕೇಳಿ ವನಜಾಗೆ ಹಗುರವಾಗಿರಬೇಕು ಎಂದು ನಾನು ಎಣಿಸಿದ್ದೆ. ಅವರಿಗೆ ಬಂದದ್ದು ಸಿಟ್ಟು. "ನಾನು ಇಷ್ಟು ವರ್ಷ ಹೊತ್ತಿದ್ದು ಯಾರಿಗೂ ಗೊತ್ತೇ ಇಲ್ಲ." ಆ ಸಿಟ್ಟು ಎರಡು ಸೆಷನ್ ನಡೆಯಿತು. ಕೊನೆಗೆ ಅದು ಅಪ್ಪನಿಗಿಂತ ಜಾಸ್ತಿ ಅಮ್ಮನ ಕಡೆ ತಿರುಗಿತು. "ನಮ್ಮಿಬ್ಬರನ್ನ ಕರ್ಕೊಂಡು ತವರಿಗೆ ಯಾಕೆ ಹೋಗಲಿಲ್ಲ ಅವರು?"

ಅಪ್ಪನ ಕಣ್ಣಿನ ಆಪರೇಷನ್

ಅಪ್ಪ ಕುಡಿತ ಬಿಟ್ಟು ಎಂಟು ವರ್ಷವಾಗಿತ್ತು. ಊರಿನಲ್ಲಿ ನಡೆದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರು ಮತ್ತೆ ಮುಟ್ಟಿರಲಿಲ್ಲ. ಈಗ ಭಜನೆ, ದೇವಸ್ಥಾನ, ಮೊಮ್ಮಗಳಿಗೆ ಕಡಲೆಮಿಠಾಯಿ. ಊರೆಲ್ಲ ಹೊಗಳುವ ಹಿರಿಯರು. ವನಜಾಗೆ ಕಷ್ಟವಾಗಿದ್ದೂ ಇದೇ. ಹೊಡೆಯುತ್ತಿದ್ದ ಅಪ್ಪ ಎಲ್ಲೂ ಇಲ್ಲ, ಆದರೆ ಸದ್ದು ಮಾತ್ರ ಉಳಿದಿದೆ.

ಹತ್ತೊಂಬತ್ತನೇ ಸೆಷನ್ ಹೊತ್ತಿಗೆ ಅಮ್ಮನ ಫೋನ್. ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್, ಹದಿನೈದು ದಿನ ನಿನ್ನ ಮನೆಯಲ್ಲೇ ಇಟ್ಟುಕೋ.

ಬೇಡ ಅನ್ನಿ ಎಂದು ಹೇಳಬೇಕೆನಿಸಿತು ನನಗೆ. ಆದರೆ ಅದು ನನ್ನ ತೀರ್ಮಾನವಾಗುತ್ತಿತ್ತು. ಅವರ ಬದುಕಿನಲ್ಲಿ ತೀರ್ಮಾನ ಮಾಡುವವರು ಆಗಲೇ ಸಾಕಷ್ಟು ಜನರಿದ್ದರು. ಕಾಗದದ ಮೇಲೆ ದಾರಿಗಳನ್ನು ಬರೆದೆವು. ಒಂದೊಂದನ್ನೂ ಓದಿ ಮೈಯಲ್ಲಿ ಏನಾಗುತ್ತದೆ ಎಂದು ನೋಡಿದೆವು. ಅವರೇ ಆರಿಸಿದ್ದು ಹೀಗೆ: ಅಪ್ಪ ಇರುವುದು ಅದೇ ಊರಿನ ಚಿಕ್ಕಮ್ಮನ ಮನೆಯಲ್ಲಿ. ಆಸ್ಪತ್ರೆಗೆ ಕರೆದೊಯ್ಯುವುದು, ಖರ್ಚು, ಮಾರನೇ ದಿನದ ಚೆಕಪ್ಪು ವನಜಾ ಮತ್ತು ಪ್ರಕಾಶ್ ಅವರದ್ದು. ರಾತ್ರಿ ತನ್ನ ಮನೆಯಲ್ಲಿ ಬೇಡ.

"ಆಗಲ್ಲ ಅಮ್ಮ" ಎಂದು ಹೇಳುವುದನ್ನು ನನ್ನ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿದರು. ಹೇಳಿದರು. "ಹೆತ್ತ ಅಪ್ಪನಿಗೆ ಒಂದು ಮೂಲೆ ಕೊಡಲಿಲ್ಲ ನೀನು" ಎಂದ ಅಮ್ಮ ಐದು ವಾರ ಮಾತು ಬಿಟ್ಟರು.

ಆಪರೇಷನ್ ದಿನ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದ ಅಪ್ಪ ಕೈ ಚಾಚಿದರಂತೆ. "ಹಿಡ್ಕೊಂಡೆ ಮೇಡಂ. ಭಯ ಆಗಲಿಲ್ಲ. ಪ್ರೀತಿನೂ ಬರಲಿಲ್ಲ. ವಯಸ್ಸಾದವರೊಬ್ಬರ ಕೈ ಅಷ್ಟೇ. ಇದು ತಪ್ಪಾ?" ತಪ್ಪಲ್ಲ ಎಂದೆ. ಕ್ಷಮಿಸಿದರೇನೇ ವಾಸಿಯಾಗುವುದು ಎಂದು ಹೇಳುವವರು ಬಹಳ. ನಾನು ಆ ಗುರಿ ಇಟ್ಟಿರಲಿಲ್ಲ, ಇಡುವುದೂ ಇಲ್ಲ. ಕ್ಷಮೆ ಬಂದರೆ ಬರಲಿ, ಅದು ಅವರದ್ದು.

ಈ ಪ್ರಕರಣದಿಂದ ನಾನು ಕಲಿತದ್ದು

ಇಪ್ಪತ್ತಾರು ಸೆಷನ್, ಹನ್ನೊಂದು ತಿಂಗಳು. ಕೊನೆಗೆ ಅಂಕ 22ಕ್ಕೆ ಬಂತು. ಮಾತ್ರೆ, ಜಂಟಿ ಸೆಷನ್, ನೆನಪಿನ ಕೆಲಸ ಮೂರೂ ಒಟ್ಟಿಗೆ ನಡೆದದ್ದರಿಂದ ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳಲಾಗದು. ಎದೆ ಉರಿ ಹೋಗಿದೆ, ಕುತ್ತಿಗೆ ನೋವು ಪೂರ್ತಿ ಹೋಗಿಲ್ಲ.

ನಡುಗದೆ ಕಥೆ ಹೇಳಿದರೆ ತಯಾರಾಗಿದ್ದಾರೆ ಎಂದು ನಾನು ಈಗ ನಂಬುವುದಿಲ್ಲ. ಹಾಗೆ ಹೇಳುವವರು ವಾಸಿಯಾಗಿರಬಹುದು, ಇಲ್ಲವೇ ಹೇಳುತ್ತಿರುವಾಗ ಆ ಜಾಗದಲ್ಲೇ ಇಲ್ಲದಿರಬಹುದು. ಮನೆಯವರು ಹೆಮ್ಮೆಯಿಂದ ಹೇಳುವ ಕಥೆಯ ಒಳಗೆ ಆ ವ್ಯಕ್ತಿಗೆ ಏನು ನೋವಿದೆ ಎಂದು ಕೇಳುವ ಮುಂಚೆ ನಾನೂ ಹೊಗಳಲು ಹೋಗುವುದಿಲ್ಲ. ಇನ್ನು ಲೋಟದ ನಿಯಮವನ್ನು ಈಗ ಎಲ್ಲರ ಜೊತೆ ಮೊದಲ ದಿನವೇ ಮಾಡಿಕೊಳ್ಳುತ್ತೇನೆ. ಥೆರಪಿಗೆ ಹೋಗುವವರಿಗೂ ಇದನ್ನೇ ಹೇಳುತ್ತೇನೆ. ಒಂದು ಸೆಷನ್ ಆದ ಮೇಲೆ ಕೆಟ್ಟದಾಯಿತು ಅನ್ನಿಸಿದರೆ ಸುಮ್ಮನೆ ಬಿಟ್ಟುಬಿಡುವ ಮುಂಚೆ ಒಂದು ಸಲ ಥೆರಪಿಸ್ಟ್ ಮುಖಕ್ಕೇ ಹೇಳಿ ನೋಡಿ. ಆಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಲ್ಲೇ ಮುಂದುವರಿಯಬೇಕೋ ಬೇರೆಯವರನ್ನು ಹುಡುಕಬೇಕೋ ಗೊತ್ತಾಗುತ್ತದೆ.

ವಾರವಾರ ಫೀಸು ಕೊಟ್ಟು ಬರಲು ವನಜಾಗೆ ಸಂಬಳವಿತ್ತು. ಎಲ್ಲರಿಗೂ ಇರುವುದಿಲ್ಲ. ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅಕ್ಟೋಬರ್ 2022ರಿಂದ ಇದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆರು ತಿಂಗಳ ನಂತರ

ವನಜಾ ಒಂದು ಸಲ ನೋಡಿ ಹೋಗಲು ಬಂದರು. ಅಂಕ 24. ನಿದ್ದೆ ಪರವಾಗಿಲ್ಲ. ಅಮ್ಮ ಮಾತಾಡುತ್ತಾರೆ, ಆದರೆ ಆ ರಾತ್ರಿಯ ವಿಷಯ ಬಂದರೆ ಎದ್ದು ಹೋಗುತ್ತಾರೆ.

ಹೊರಡುವಾಗ ಬಾಗಿಲ ಹತ್ತಿರ ನಿಂತು ಒಂದು ಮಾತು ಹೇಳಿದರು. ಹಿಂದಿನ ವಾರ ಸಂಜೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಾಗ ಗೇಟಿನ ಹತ್ತಿರ ಪ್ರಕಾಶ್ ಅವರ ಬೈಕು ಬಂದು ನಿಂತಿತಂತೆ. ಸ್ಟ್ಯಾಂಡ್ ಜಾರಿತು. ಮತ್ತೆ ಜಾರಿತು. ಕೈ ತಣ್ಣಗಾಯಿತು, ಉಸಿರು ಕಟ್ಟಿತು. ತುರಿಯುವುದನ್ನು ಬಿಟ್ಟು, ತೆಂಗಿನಕಾಯಿ ಹೋಳು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿದರಂತೆ. ಅಂಗಳದಲ್ಲಿ ಬೈಕು ಹಿಡಿದುಕೊಂಡು ಗಂಡ ನಿಂತಿದ್ದರು.

"ರೀ, ಆ ಸ್ಟ್ಯಾಂಡ್ ಸರಿ ಮಾಡಿಸ್ರೀ" ಅಂದರಂತೆ.

ಮಾರನೇ ದಿನ ಸ್ಪ್ರಿಂಗ್ ಬದಲಾಯಿಸಿದರಂತೆ.